ಆಯಿ ಬಾಜೂಕ

ಚಿಕ್ಕೋಡಿಯ ಒಂದು ಕಾಲೇಜಿನ ವಿಡಿಯೊ ಖೋಲಿಯಲ್ಲಿ ನಿವೃತ್ತನಾಗುವ ತನಕ ಇದ್ದೆ. ಕಾಗದದ ಮೇಲೆ ನನ್ನ ಹುದ್ದೆ ತಂತ್ರಜ್ಞ, ಹುಡುಗರ ಬಾಯಲ್ಲಿ ಎಡಿಟಿಂಗ್ ಸರ್, ಪ್ರಾಚಾರ್ಯರ ಬಾಯಲ್ಲಿ ‘ಆ ಟೀವಿ ರಿಪೇರಿ ಮಾಡಾಂವ’. ಮೂರೂ ಸುಳ್ಳಲ್ಲ. ನನ್ನ ಕುರ್ಚಿಗೆ ಈಗ ಬಂದಿರುವ ಹುಡುಗಿ ಮೊನ್ನೆ ಫೋನ್ ಮಾಡಿ, ಈ ಕೆಲಸಕ್ಕೆ ಯಾವ ಸಾಫ್ಟ್‌ವೇರ್ ಕಲಿಯಲಿ ಎಂದು ಕೇಳಿದಳು. ಸಾಫ್ಟ್‌ವೇರ್ ವರ್ಷಕ್ಕೊಂದು ಬದಲಾಗುತ್ತದೆ ತಾಯಿ, ಅದರ ಮಾತು ಬಿಡು ಅಂದೆ. ಅದಕ್ಕಿಂತ ಮುಂದಿನದನ್ನು ಹೇಳದೆ ಫೋನ್ ಇಟ್ಟೆ. ಫೋನಿನಲ್ಲಿ ಹೇಳಲಾಗದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ನನ್ನ ಬಡ್ತಿ, ಶಾಲು, ಹಾರಗಳ ಸುದ್ದಿ ಇಲ್ಲಿಲ್ಲ. ಅವು ಬಂದವು, ಹೋದವು. ಉಳಿದದ್ದು ನನ್ನದೊಂದು ತಪ್ಪು, ಅದು ನನ್ನ ಕೂಡ ಚಟ್ಟ ಏರುವ ತನಕ ಇರುತ್ತದೆ.

ನನ್ನ ಊರು ಅಥಣಿ ಕಡೆಯ ತೆಲಸಂಗ. ನಮ್ಮ ಕಡೆ ಕನ್ನಡವೊಂದೇ, ಮರಾಠಿ ನಾನು ಕಲಿತದ್ದು ಪೇಟೆಯಲ್ಲಿ, ಅದೂ ಅರೆಬರೆ. ಈ ಮಾತನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ. ಅಥಣಿಯಲ್ಲಿ ರೇಡಿಯೊ ಟೀವಿ ಬಿಚ್ಚಿ ಕೂಡಿಸುತ್ತ, ಆಮೇಲೆ ಮದುವೆಗಳ ವಿಡಿಯೊ ತೆಗೆಯುತ್ತ ಇದ್ದವನನ್ನು ಕಾಲೇಜು ಕರೆಯಿತು. ಎರಡು ಸಾವಿರದ ಇಸವಿ ದಾಟಿ ಒಂದೆರಡು ವರ್ಷವಾಗಿತ್ತು. ಪತ್ರಿಕೋದ್ಯಮ ಅಂತ ಹೊಸ ವಿಭಾಗ ತೆರೆದಿದ್ದರು. ಕೊನೆಯ ವರ್ಷದ ಹುಡುಗರು ತಮ್ಮ ತಮ್ಮ ಮನೆತನದ ಮೇಲೆ ಇಪ್ಪತ್ತು ನಿಮಿಷದ ಒಂದು ಚಿತ್ರ ಮಾಡಬೇಕು ಎಂಬುದು ನಿಯಮ. ಹಿರಿಯರನ್ನು ಮಾತಾಡಿಸಿ, ಮನೆಯ ರೂಢಿ, ಭಾಷೆ, ಎಲ್ಲಿಂದ ಬಂದಿರಿ, ಯಾಕೆ ಬಂದಿರಿ ಎಲ್ಲ ಕೇಳಿಕೊಂಡು ಬರಬೇಕು. ತೆಗೆದುಕೊಂಡು ಬಂದದ್ದನ್ನು ಕತ್ತರಿಸಿ, ಜೋಡಿಸಿ, ಕೆಳಗೆ ಅಕ್ಷರ ಬರೆದು ಕೊಡುವುದು ನನ್ನ ಕೆಲಸ.

ಎಂಥೆಂಥ ಹುಡುಗರು ಬರುತ್ತಿದ್ದರು! ನಿಪ್ಪಾಣಿಯವರು ಬಂದರೆ ಅವರ ಬ್ಯಾಗಿನಿಂದಲೇ ತಂಬಾಕಿನ ಘಾಟು. ರಾಯಬಾಗದ ಒಬ್ಬ ಹುಡುಗ ಬೌದ್ಧರ ಮನೆಯವ, ಅಪ್ಪ ಎಲ್ಲೋ ಕಾರಕೂನ, ಅಜ್ಜ ಕಂಡವರ ಹೊಲದಲ್ಲಿ ಕೂಲಿ ಮಾಡಿದವನು. ಆ ಅಜ್ಜ ತನ್ನ ಓಣಿಯ ವಿಹಾರದ ಒಂದು ಗೋಡೆಯನ್ನು ಒಬ್ಬನೇ ಕಟ್ಟಿದ್ದನಂತೆ. ಹುಡುಗ ಇಪ್ಪತ್ತು ನಿಮಿಷವೂ ಆ ಗೋಡೆಯನ್ನೇ ತೋರಿಸಿದ್ದ. ಬೆಳಗಿನ ಬಿಸಿಲಿನ ಗೋಡೆ, ಮಳೆಯ ಗೋಡೆ, ಒರಗಿ ಕೂತ ಮಕ್ಕಳ ಗೋಡೆ. ನಮ್ಮ ವಿಭಾಗದ ಮುಖ್ಯಸ್ಥರು, ಎಲ್ಲರೂ ಹೆಡ್ ಸಾಹೇಬ್ರು ಅನ್ನುತ್ತಿದ್ದೆವು, ನೋಡಿ ಮುಗಿಸಿ ಕನ್ನಡಕ ತೆಗೆದು ಕೇಳಿದರು, ‘ಎಲ್ಲಾ ಸರಿ, ಸಂದೇಶ ಎಲ್ಲೈತಿ?’ ಅದು ಅವರ ಮಂತ್ರ. ಮದುವೆ ಊಟದಲ್ಲೂ ಸಂದೇಶ ಹುಡುಕುವ ಮನುಷ್ಯ. ಹುಡುಗ ತಣ್ಣಗೆ, ‘ನಮ್ಮಜ್ಜ ಗ್ವಾಡಿ ಕಟ್ಟ್ಯಾನ್ರಿ ಸರ್, ಅದು ಇನ್ನೂ ನಿಂತೈತಿ’ ಅಂದ. ಸಾಹೇಬರು ಕಡಿಮೆ ಅಂಕ ಕೊಟ್ಟರು. ಅವನ ಮಾತು ನನಗೆ ಅವತ್ತು ತಮಾಷೆ ಅನಿಸಿತ್ತು. ಆ ಹುಡುಗನೇ ಸರಿ ಇದ್ದ, ನಾವು ಸರಿ ಇರಲಿಲ್ಲ.

ಸಾಹೇಬರು ಕೆಟ್ಟವರಲ್ಲ. ಹುಡುಗರ ಚಿತ್ರಗಳನ್ನು ಬೆಂಗಳೂರಿನ ಸ್ಪರ್ಧೆಗಳಿಗೆ ಕಳಿಸಬೇಕು, ನಮ್ಮ ಕಡೆಯ ಹೆಸರು ಬರಬೇಕು ಎಂಬ ಹುಚ್ಚು ಅವರಿಗೆ. ಅದಕ್ಕೆ ಎರಡು ಅಪ್ಪಣೆ ಮಾಡಿದ್ದರು. ಚಿತ್ರದ ಕೊನೆಗೆ ನೋಡಿದವರ ಕಣ್ಣು ಒದ್ದೆಯಾಗಬೇಕು. ಎರಡನೆಯದು, ನಮ್ಮ ಮಂದಿಯ ಮಾತು ಆ ಕಡೆಯವರಿಗೆ ತಿಳಿಯದ ಕಾರಣ ಕೆಳಗೆ ಶುದ್ಧ ಕನ್ನಡದಲ್ಲಿ ಅಕ್ಷರ ಹಾಕಬೇಕು. ಅರ್ಧ ಕನ್ನಡ, ಕಾಲು ಮರಾಠಿ, ನಡುವೆ ಹಿಂದಿ ಉರ್ದು ಬೆರೆಸಿ ಮಾತಾಡುವ ಮುದುಕಿಯರ ಮಾತನ್ನು ನಾನು ಪುಸ್ತಕದ ಕನ್ನಡಕ್ಕೆ ಇಳಿಸುತ್ತಿದ್ದೆ. ಇದರಲ್ಲಿ ನನಗೆ ಒಳ್ಳೆಯ ಕೈ ಇದೆ ಅಂತ ಎಲ್ಲರೂ ಅನ್ನುತ್ತಿದ್ದರು. ನಾನೂ ನಂಬಿದ್ದೆ.

ಒಂದು ಸಲ ಪೆಟ್ಟು ತಿಂದಿದ್ದೆ, ಅದನ್ನೂ ಹೇಳಿಬಿಡುತ್ತೇನೆ. ಶೇಡಬಾಳದ ಸುಕುಮಾರ ಎಂಬ ಜೈನರ ಹುಡುಗ ತನ್ನ ಅಜ್ಜಿಯ ಒಂದು ದಿನವನ್ನು ತೆಗೆದು ತಂದಿದ್ದ. ಅವರಲ್ಲಿ ಹೊತ್ತು ಮುಳುಗಿದ ಮೇಲೆ ಬಾಯಿಗೆ ತುತ್ತು ಇಡುವುದಿಲ್ಲ. ಅಜ್ಜಿ ಇಳಿಬಿಸಿಲಲ್ಲಿ ಉಂಡಿದ್ದಳು, ಆಮೇಲೆ ದೀಪ ಹಚ್ಚಿದ್ದಳು. ನಾನು ಜೋಡಿಸುವಾಗ ದೀಪವನ್ನು ಮೊದಲು ಇಟ್ಟೆ. ಯಾಕೆ? ದೀಪದ ಬೆಳಕು ಕರಗಿ ಊಟದ ತಾಟಿನ ಹೊಳಪಾಗುವುದು ಕಣ್ಣಿಗೆ ಚಂದ ಕಂಡಿತು. ಮದುವೆ ವಿಡಿಯೊ ಮಾಡಿದ ಕೈಯಲ್ಲವೇ, ಇಂಥ ಚಟ ಬೇಗ ಬಿಡುವುದಿಲ್ಲ. ಕಾಲೇಜಿನಲ್ಲಿ ತೋರಿಸಿದ ದಿನ ಅಜ್ಜಿ ಮೊದಲ ಸಾಲಿನಲ್ಲಿ ಕೂತಿದ್ದಳು. ದೀಪ ಹಚ್ಚಿ ತಾನು ಊಟಕ್ಕೆ ಕೂತದ್ದನ್ನು ತಾನೇ ನೋಡಿದಳು. ನಾನು ಓಡಿಹೋಗಿ, ಇದು ಬರೀ ಜೋಡಣೆ ಅಜ್ಜಿ, ನೀವು ಹಾಗೆ ಮಾಡಿಲ್ಲ ಅಂತ ನಮಗೆಲ್ಲ ಗೊತ್ತು ಅಂದೆ. ಅವಳು ಸಿಟ್ಟಾಗಲಿಲ್ಲ. ‘ನಿನಗ ಗೊತ್ತು, ನನಗ ಗೊತ್ತು. ನೋಡಿದವ್ರಿಗೆ ಏನ ಗೊತ್ತಪಾ?’ ಅಂದಳು. ಮಾರನೆಯ ದಿನ ಮಾಡದ ತಪ್ಪಿಗೆ ಉಪವಾಸ ಮಾಡಿದಳಂತೆ. ನಾನು ದೀಪವನ್ನು ಊಟದ ಹಿಂದಕ್ಕೆ ಸರಿಸಿ ಕೊಟ್ಟೆ. ತಪ್ಪು ತಿದ್ದಿದ್ದೇನೆ, ಪಾಠ ಮುಗಿಯಿತು ಅಂತ ಸುಮ್ಮನಾದೆ. ಅಷ್ಟಕ್ಕೇ ಮುಗಿಯುವ ಪಾಠ ಅದಾಗಿರಲಿಲ್ಲ.

ಕೆಲಸದ ರೀತಿಯೂ ಆಗ ಬದಲಾಗುತ್ತಿತ್ತು. ಮೊದಲು ಎರಡು ಯಂತ್ರ ಇಟ್ಟುಕೊಂಡು ಒಂದು ಟೇಪಿನಿಂದ ಇನ್ನೊಂದಕ್ಕೆ ಇಳಿಸುತ್ತಿದ್ದೆವು. ಒಂದು ನಿಮಿಷ ಜೋಡಿಸಲು ಆ ನಿಮಿಷವನ್ನು ಹತ್ತು ಸಲ ಕೇಳಲೇಬೇಕು, ಬೇರೆ ದಾರಿ ಇಲ್ಲ. ಕಂಪ್ಯೂಟರ್ ಬಂದ ಮೇಲೆ ಸದ್ದು ಪರದೆಯ ಮೇಲೆ ಹಸಿರು ಗೀಟಾಗಿ ಕಾಣತೊಡಗಿತು. ಮಾತು ಬಂದಲ್ಲಿ ಗೀಟು ಸಣ್ಣಗೆ ಏಳುತ್ತದೆ, ಮೌನ ಬಂದಲ್ಲಿ ಮಲಗುತ್ತದೆ, ಗದ್ದಲ ಬಂದಲ್ಲಿ ಊದಿದ ಕಾಲಿನ ಹಾಗೆ ದಪ್ಪಗಾಗುತ್ತದೆ. ಕೇಳುವ ಗೊಡವೆಯೇ ಇಲ್ಲ. ದಪ್ಪ ಕಂಡಲ್ಲಿ ಕತ್ತರಿಸಿ ಮುಂದಕ್ಕೆ ಹೋಗಬಹುದು. ನನ್ನ ಹೆಡ್‌ಫೋನಿನ ಎಡಗಿವಿ ಸತ್ತು ವರ್ಷವಾಗಿತ್ತು, ಅದನ್ನು ಬದಲಿಸಬೇಕು ಅಂತ ನನಗೆ ಅನಿಸಲೂ ಇಲ್ಲ. ಕಣ್ಣಿನಿಂದ ಕೇಳುವುದು ರೂಢಿಯಾಗಿತ್ತು.

ಆ ವರ್ಷವೇ ಶೈಲಾ ಬಂದಳು. ಕಾಗವಾಡದಿಂದ ಮಂಗಸೂಳಿಯ ಹಾದಿಗೆ ಹತ್ತುವ ಒಂದು ಹಳ್ಳಿಯ ಹುಡುಗಿ. ಕಬ್ಬು ದ್ರಾಕ್ಷಿ ಬೆಳೆಯುವ ಲಿಂಗಾಯತರ ಮನೆ. ಮೆಲ್ಲಗೆ ಮಾತಾಡುವವಳು, ಆದರೆ ಹಿಡಿದದ್ದು ಬಿಡುವವಳಲ್ಲ. ಅವಳ ಚಿತ್ರ ಅವಳ ಅಪ್ಪನ ತಾಯಿ ಗೌರಾಬಾಯಿಯ ಮೇಲೆ. ಶೈಲಾ ಅವಳನ್ನು ಆಯಿ ಅನ್ನುತ್ತಿದ್ದಳು. ನಮ್ಮ ಕಡೆಯ ಕನ್ನಡದಲ್ಲಿ ಆಯಿ ಅಂದರೆ ಅಜ್ಜಿ, ಎಲ್ಲರಿಗೂ ಗೊತ್ತಿದ್ದದ್ದೇ. ಗೌರಾಬಾಯಿಗೆ ಎಂಬತ್ತರ ಹತ್ತಿರ. ತವರು ಮಿರಜ ಕಡೆ, ಹುಟ್ಟಿ ಬೆಳೆದದ್ದು ಮರಾಠಿಯಲ್ಲಿ. ಹನ್ನೆರಡು ವರ್ಷದವಳಿದ್ದಾಗ ಗಡಿ ದಾಟಿ ಕನ್ನಡದ ಮನೆಗೆ ಸೊಸೆಯಾಗಿ ಬಂದಳು. ಮನೆಯವರಿಗೂ ಅವಳು ತನ್ನ ಬಗ್ಗೆ ಏನೂ ಹೇಳಿರಲಿಲ್ಲ. ಶೈಲಾಳಿಗೆ ಇದ್ದ ಆಸೆ ಒಂದೇ. ಆಯಿ ಒಮ್ಮೆಯಾದರೂ ತನ್ನ ಮನಸ್ಸಿನದನ್ನು ತಾನೇ ಬಾಯಿಬಿಟ್ಟು ಹೇಳಬೇಕು, ಅದನ್ನು ಮನೆಯ ಮಂದಿ ಕೇಳಬೇಕು. ‘ಆಕಿನ್ನ ಯಾರೂ ಏನೂ ಕೇಳಿಲ್ರಿ ಸರ್, ಇಷ್ಟ ವರ್ಷ’ ಎಂದು ನನ್ನ ಮುಂದೆ ಅಂದಿದ್ದಳು.

ನಾಲ್ಕು ದಿನ ಮಾತಾಡಿಸಿದಳು. ಮುದುಕಿ ಮೊದಲೆರಡು ದಿನ ಕ್ಯಾಮೆರಾಕ್ಕೆ ಬೆನ್ನು ಹಾಕಿ ಕಾಳು ಹಸನು ಮಾಡುತ್ತ ಕೂತಳಂತೆ. ಮೂರನೆಯ ದಿನ ಅತ್ತೆಯ ಸುದ್ದಿ ತೆಗೆದಳು. ಅತ್ತೆ ಎಂದರೆ ಸಾಮಾನ್ಯಳಲ್ಲ, ಮನೆ ನಡೆಸಿದ ದೊಡ್ಡ ಹೆಂಗಸು. ಮೂರು ಮೊಮ್ಮಕ್ಕಳು ಅವಳನ್ನು ಆಯಿ ಎನ್ನುತ್ತಿದ್ದ ಕಾರಣ ಇಡೀ ಮನೆಯಲ್ಲಿ, ಕಡೆಗೆ ಊರಲ್ಲೂ, ಅವಳ ಹೆಸರೇ ಆಯಿ ಆಗಿತ್ತು. ಸೊಸೆಗೆ ಮರಾಠಿ ಮಾತಾಡಿದರೆ ಊಟ ಇಲ್ಲ. ರೊಟ್ಟಿ ಹರಿದರೆ ಅದನ್ನು ಕೈಯಲ್ಲಿ ಹಿಡಿದು ಅಂಗಳದಲ್ಲಿ ನಿಲ್ಲಬೇಕು, ಹಾದು ಹೋಗುವವರಿಗೆಲ್ಲ ಕಾಣುವಂತೆ. ಇದನ್ನು ಗೌರಾಬಾಯಿ ಬೇರೆ ಯಾರದೋ ಸುದ್ದಿ ಎಂಬಂತೆ ಹೇಳಿದ್ದಳು.

ನಾಲ್ಕನೆಯ ದಿನ ಶೈಲಾ ಕೇಳಿದ್ದಳು, ನಿನಗೆ ಏನಾದರೂ ಆಸೆ ಉಳಿದೈತೇನು ಅಂತ. ಮುದುಕಿ, ‘ಏನಿಲ್ಲವಾ. ಸತ್ತ ಮ್ಯಾಲ ಆಯಿ ಬಾಜೂಕ ಇಟ್ಟಬಿಡ್ರಿ, ಸಾಕು’ ಅಂದಳು. ಅವರಲ್ಲಿ ಸತ್ತವರನ್ನು ತಮ್ಮ ಹೊಲದಲ್ಲೇ ಮಣ್ಣು ಮಾಡುತ್ತಾರೆ. ಇಷ್ಟು ಹೇಳುವಷ್ಟರಲ್ಲಿ ಕಬ್ಬು ಹೇರಿದ ಟ್ರ್ಯಾಕ್ಟರ್ ಓಣಿಗೆ ಬಂತು, ಹಾಡು ಹಚ್ಚಿಕೊಂಡು. ಕಬ್ಬಿನ ಹಂಗಾಮಿನಲ್ಲಿ ನಮ್ಮ ಕಡೆ ಟ್ರ್ಯಾಕ್ಟರುಗಳ ಹಾಡಿನ ಸದ್ದಿಗೆ ಹಂಚು ನಡುಗುತ್ತವೆ. ಅದು ಅವರ ಮನೆಯ ಮುಂದೆಯೇ ಸಿಕ್ಕಿಕೊಂಡು ನಿಂತಿತು. ಹಾಡು ಬಂದ್ ಮಾಡಿಸಲು ಶೈಲಾ ಹೊರಗೆ ಓಡಿದಳು. ಕ್ಯಾಮೆರಾ ತನ್ನಷ್ಟಕ್ಕೆ ಮೂರು ಕಾಲಿನ ಮೇಲೆ ನಿಂತು ನಡೆಯುತ್ತಲೇ ಇತ್ತು.

ಟೇಪು ನನ್ನ ಕೈಗೆ ಕೊಡುವಾಗ, ‘ಅಲ್ಲಿಂದ ಮುಂದ ಬರೇ ಗದ್ಲ ಐತ್ರಿ ಸರ್, ತೆಗದಬಿಡ್ರಿ’ ಅಂದಳು. ಅವಳು ಹೇಳಿದಳು, ಸರಿ. ಅವಳು ಹುಡುಗಿ. ನಾನು ಕೇಳಿ ನೋಡಬೇಕಿತ್ತು. ಪರದೆಯ ಮೇಲೆ ಹಸಿರು ಗೀಟು ದಪ್ಪಗೆ ಉಬ್ಬಿ ನಿಂತಿತ್ತು. ಮುದುಕಿಯ ತುಟಿ ಅಲ್ಲಾಡುತ್ತಿದ್ದದ್ದನ್ನು ನಾನು ನೋಡಿದೆ, ಇಲ್ಲ ಅನ್ನುವುದಿಲ್ಲ. ಎಲೆ ಅಡಿಕೆ ಮೆಲ್ಲುತ್ತಿರಬೇಕು ಅಂದುಕೊಂಡು ಅಷ್ಟನ್ನೂ ಕತ್ತರಿಸಿ ಒಗೆದೆ.

ಆಮೇಲೆ ಅಕ್ಷರದ ಕೆಲಸಕ್ಕೆ ಕೂತೆ. ‘ಆಯಿ ಬಾಜೂಕ ಇಟ್ಟಬಿಡ್ರಿ.’ ಏನು ಬರೆಯಲಿ? ಅಜ್ಜಿಯ ಪಕ್ಕದಲ್ಲಿ ಅಂತ ಬರೆದರೆ ಬೆಂಗಳೂರಿನವರು ಯಾವ ಅಜ್ಜಿ, ಯಾರ ಅಜ್ಜಿ ಅನ್ನುತ್ತಾರೆ. ಶೈಲಾಳನ್ನೇ ಕೇಳಿದೆ. ನಮ್ಮ ಮನೆಯಲ್ಲಿ ಹಿರಿಯರು ಆಯಿ ಅಂದರೆ ಅಪ್ಪನ ಅಜ್ಜಿ, ಸಮಾಧಿ ಹೊಲದಲ್ಲೇ ಇದೆ ಅಂದಳು. ಆಗ ನನಗೆ ಹೊಳೆದದ್ದು ನೆನೆದರೆ ಇವತ್ತು ಕೈ ಕಡಿದುಕೊಳ್ಳಬೇಕು ಅನಿಸುತ್ತದೆ. ಗೌರಾಬಾಯಿಗೆ ಅವಳು ಅತ್ತೆಯಲ್ಲವೇ! ಹಾಗಾದರೆ ಸ್ಪಷ್ಟವಾಗಿಯೇ ಬರೆಯೋಣ. ದೊಡ್ಡ ಅಕ್ಷರದಲ್ಲಿ ಬರೆದೆ: ‘ನನ್ನನ್ನು ನಮ್ಮ ಅತ್ತೆಯ ಪಕ್ಕದಲ್ಲೇ ಮಣ್ಣು ಮಾಡಿ.’ ಅಂಗಳದಲ್ಲಿ ಹರಿದ ರೊಟ್ಟಿ ಹಿಡಿಸಿ ನಿಲ್ಲಿಸಿದ ಅತ್ತೆ, ಅದೇ ಅತ್ತೆಯ ಮಗ್ಗುಲಲ್ಲಿ ಮಲಗಬೇಕೆನ್ನುವ ಸೊಸೆ. ಶೈಲಾ ಓದಿ ನನ್ನ ಮುಖ ನೋಡಿದಳು. ಕಣ್ಣು ತುಂಬಿದ್ದವು. ‘ಇಷ್ಟ ದೊಡ್ಡ ಮನಸ್ರೀ ಆಯಿದು’ ಅಂದಳು. ಹೆಡ್ ಸಾಹೇಬರು ನೋಡಿ ಮೇಜು ಕುಟ್ಟಿದರು. ಕಡೆಗೂ ಸಂದೇಶ ಸಿಕ್ಕಿತ್ತು.

ಕೊನೆಯ ಮಾತು ಮುಗಿದ ಮೇಲೆ ಒಂದು ಶಾಟ್ ಬೇಕಿತ್ತು. ಗೌರಾಬಾಯಿ ಬೆಳಿಗ್ಗೆ ಹೊಲದ ಬದುವಿನ ಬೇವಿನ ಗಿಡಕ್ಕೆ ಒಂದು ತಂಬಿಗೆ ನೀರು ಹಾಕುವುದನ್ನು ಶೈಲಾ ತೆಗೆದಿದ್ದಳು. ದಿನಾ ಹಾಕುತ್ತಾಳೆ, ಯಾಕೆಂದು ಯಾರಿಗೂ ಗೊತ್ತಿಲ್ಲ, ಅವಳ ರೂಢಿ ಅಂದಳು. ಅಷ್ಟು ದೊಡ್ಡ ಗಿಡಕ್ಕೆ ಒಂದು ತಂಬಿಗೆ ನೀರು ಯಾತಕ್ಕೆ ಅಂತ ನನಗೂ ಒಂದು ಗಳಿಗೆ ಅನಿಸಿತು. ಶಾಟ್ ಚಂದ ಇತ್ತು. ಅದರ ಮೇಲೆ ಹೆಸರುಗಳನ್ನು ಹರಿಸಿ ಚಿತ್ರ ಮುಗಿಸಿದೆ.

ಚಿತ್ರಕ್ಕೆ ಬೆಂಗಳೂರಿನಲ್ಲಿ ಬಹುಮಾನ ಬಂತು. ಅತ್ತೆ ಸೊಸೆಯರ ಬಾಂಧವ್ಯದ ಬಗ್ಗೆ ತೀರ್ಪುಗಾರರು ಬಹಳ ಮಾತಾಡಿದರಂತೆ. ಆಮೇಲೆ ಶೈಲಾಳ ಅಪ್ಪ ಅಣ್ಣಾಸಾಬರು ಊರಲ್ಲಿ ತೋರಿಸಬೇಕು ಎಂದು ಹಟ ಹಿಡಿದರು. ಒಂದು ಸಂಜೆ ಅವರ ಪಡಸಾಲೆಯಲ್ಲಿ ಟೀವಿ ಇಟ್ಟು ತೋರಿಸಿದೆವು. ಪಡಸಾಲೆ ಸಾಲದೆ ಮಂದಿ ಕಟ್ಟೆಯ ಮೇಲೆ ಕೂತರು. ಗೌರಾಬಾಯಿ ಕಂಬಕ್ಕೆ ಒರಗಿ ಕೂತಿದ್ದಳು. ಅವಳಿಗೆ ಓದು ಬರಹ ಇಲ್ಲ. ಅವಳು ಕೇಳಿದ್ದು ತನ್ನ ದನಿಯನ್ನು. ಉಳಿದವರು ಓದಿದ್ದು ನನ್ನ ಅಕ್ಷರವನ್ನು. ಆಯಿ ಬಾಜೂಕ ಎಂಬ ಮಾತು ಬಂದಾಗ ಅಣ್ಣಾಸಾಬರು ಟವೆಲಿನಲ್ಲಿ ಮುಖ ಮುಚ್ಚಿಕೊಂಡು ಅತ್ತರು. ಎದ್ದು ಬಂದು ತಾಯಿಯ ಕಾಲು ಹಿಡಿದು, ನಿನ್ನ ಮಾತು ನಡೆಸುತ್ತೇನೆ ಅವ್ವಾ ಅಂದರು. ಮುದುಕಿ ಮಗನ ತಲೆಯ ಮೇಲೆ ಕೈಯಿಟ್ಟಳು. ಹೊರಡುವಾಗ ನನ್ನನ್ನು ಹತ್ತಿರ ಕರೆದಳು.

‘ಎಲ್ಲಾರಿಗೂ ತಿಳೀತಲ್ಲಪಾ. ನಿನ್ನಿಂದ ಆತು.’

ನನ್ನ ಕೈಯಲ್ಲಿ ಒಂದು ಬೆಲ್ಲದ ತುಂಡು ಇಟ್ಟಳು. ಬಸ್ಸಿನಲ್ಲಿ ಅದನ್ನು ತಿನ್ನುತ್ತ ಬಂದೆ. ಈ ಕೆಲಸ ಹಿಡಿದದ್ದು ಸಾರ್ಥಕವಾಯಿತು ಅಂತ ಅವತ್ತು ನನಗೆ ನಿಜವಾಗಿ ಅನಿಸಿತ್ತು.

ಎರಡು ವರ್ಷದ ಮೇಲೆ ಗೌರಾಬಾಯಿ ತೀರಿಕೊಂಡಳು. ಮಣ್ಣಿಗೆ ನಾನೂ ಹೋದೆ. ರೂಢಿಯಂತೆ ಗಂಡನ ಪಕ್ಕದಲ್ಲಿ ಕುಣಿ ತೋಡಲು ಹೊರಟವರನ್ನು ಅಣ್ಣಾಸಾಬರು ತಡೆದರು. ಅವ್ವ ಟೀವಿಯಲ್ಲಿ ಹೇಳ್ಯಾಳ, ಊರೆಲ್ಲ ಕೇಳೇತಿ ಅಂದರು. ಅತ್ತೆಯ ಸಮಾಧಿಗೆ ಹತ್ತಿಕೊಂಡೇ, ಒಂದು ಮೊಳವೂ ಬಿಡದೆ ಕುಣಿ ತೋಡಿದರು. ಬದುವಿನ ಬೇವಿನ ಗಿಡ ಅಲ್ಲಿಂದ ಕಾಣುತ್ತಿತ್ತು. ನೂರಿನ್ನೂರು ಹೆಜ್ಜೆ ಇದ್ದೀತು, ಅಷ್ಟೇ. ಎಲ್ಲ ಮುಗಿದ ಮೇಲೆ ಅಣ್ಣಾಸಾಬರು ನನ್ನ ಎರಡೂ ಕೈ ಹಿಡಿದುಕೊಂಡರು.

‘ಸರ್, ನೀವ ಇಲ್ಲಂದಿದ್ರ ಅವ್ವನ ಮನಸಿನ್ಯಾಗಿಂದು ನಮಗ ಎಲ್ಲಿ ತಿಳೀತಿತ್ರಿ?’

ಇನ್ನು ಟೇಪಿನ ಸುದ್ದಿ. ಎಡಿಟಿಂಗ್ ಮುಗಿದ ಮೇಲೆ ಟೇಪು ಇಟ್ಟುಕೊಳ್ಳುವ ಪದ್ಧತಿ ನಮ್ಮಲ್ಲಿ ಇರಲಿಲ್ಲ. ಟೇಪು ಏನು ಗಿಡಕ್ಕೆ ಹತ್ತುತ್ತಾವೇನು, ಅದರ ಮೇಲೆಯೇ ಮತ್ತೆ ತೆಗಿ ಎನ್ನುವುದು ಪ್ರಾಚಾರ್ಯರ ಅಪ್ಪಣೆ. ಶೈಲಾಳ ನಾಲ್ಕು ಟೇಪುಗಳ ಮೇಲೂ ನಾನೇ ಕಾಲೇಜಿನ ಕಾರ್ಯಕ್ರಮ ತೆಗೆದೆ. ಭಾಷಣ, ಫ್ಯಾನ್ಸಿ ಡ್ರೆಸ್, ಬಹುಮಾನ ವಿತರಣೆ. ಆಮೇಲೆ ಟೇಪುಗಳ ಕಾಲವೇ ಹೋಯಿತು. ಕಾರ್ಡು ಬಂತು, ಮೊಬೈಲ್ ಬಂತು. ಹುಡುಗರು ಸಂಜೆ ತೆಗೆದದ್ದನ್ನು ಬೆಳಿಗ್ಗೆ ಅಳಿಸುತ್ತಿದ್ದರು. ಶೈಲಾ ಪುಣೆಗೆ ಹೋಗಿ ಸಾಕ್ಷ್ಯಚಿತ್ರ ಮಾಡುವ ಒಂದು ತಂಡ ಸೇರಿದಳು. ಆ ಚಿತ್ರದ ಬಲದ ಮೇಲೆಯೇ ಅವಳನ್ನು ತೆಗೆದುಕೊಂಡದ್ದು.

ನಿವೃತ್ತಿಗೆ ನಾಲ್ಕು ದಿನ ಇದ್ದಾಗ ಕಪಾಟು ಖಾಲಿ ಮಾಡಲು ಕೂತೆ. ಹಳೆಯ ಟೇಪುಗಳನ್ನು ಒಗೆಯುವ ಮೊದಲು ಒಂದೊಂದನ್ನೂ ಹಳೆಯ ಕ್ಯಾಮೆರಾದಲ್ಲಿ ಹಾಕಿ ನೋಡುತ್ತಿದ್ದೆ. ‘ಬಹುಮಾನ ವಿತರಣೆ’ ಎಂದು ಬರೆದ ಒಂದು ಟೇಪು. ಪ್ರಾಚಾರ್ಯರು ಕಪ್ಪು ಕೊಟ್ಟರು, ರಾಷ್ಟ್ರಗೀತೆ ಆಯಿತು, ಪರದೆ ನೀಲಿಯಾಯಿತು. ಬಂದ್ ಮಾಡಬೇಕು ಎನ್ನುವಷ್ಟರಲ್ಲಿ ಗೌರಾಬಾಯಿ ಬಂದಳು. ಕಾರ್ಯಕ್ರಮ ಟೇಪು ಮುಗಿಯುವ ಮೊದಲೇ ಮುಗಿದಿತ್ತು. ಅದರ ಅಡಿಯಲ್ಲಿ ಅಳಿಯದೆ ಉಳಿದ ಬಾಲ ಅದು. ಟ್ರ್ಯಾಕ್ಟರಿನ ಹಾಡು ಜೋರಾಗಿ ಬರುತ್ತಿತ್ತು. ಕೋಣೆಯಲ್ಲಿ ಮುದುಕಿ ಒಬ್ಬಳೇ. ಬಾಗಿಲ ಕಡೆ ನೋಡಿದಳು, ಮೊಮ್ಮಗಳು ದೂರ ಹೋದಳೆಂದು ಖಾತ್ರಿ ಮಾಡಿಕೊಂಡಳು. ಆ ಹಾಡಿನಲ್ಲಿ ಮನೆಯ ಯಾರಿಗೂ ಕೇಳಿಸುವುದಿಲ್ಲವೆಂದು ಗೊತ್ತಾಗಿಯೇ ಇರಬೇಕು, ಕ್ಯಾಮೆರಾದ ಕಡೆಗೆ ಸರಿದು ಕೂತಳು. ನಾನು ಹೊಸ ಹೆಡ್‌ಫೋನ್ ಹಾಕಿಕೊಂಡೆ.

‘ಈ ಮನ್ಯಾಗ ಆಯಿ ಅಂದ್ರ ನಮ್ಮತ್ತಿ ಅಂತ ತಿಳೀತಾರ. ನಾ ಅಂದಿದ್ದು ಆಕಿ ಅಲ್ಲ. ಮಾಝಿ ಆಯಿ. ನನ್ನ ಹಡದಾಕಿ. ಗಂಡ ಸತ್ತ ಮ್ಯಾಲ ನನ್ನ ಹಂತ್ಯಾಕ ಬಂದಿದ್ಲು. ಮನಿ ಒಳಗ ಕರೀಲಿಲ್ಲ, ಹೊಲದಾಗಿನ ಗುಡಸಲದಾಗ ಇದ್ಲು. ನನ್ನ ಮಕ್ಕಳು ಹುಟ್ಟೂಕಿಂತ ಮೊದಲ ಅಲ್ಲೇ ಸತ್ಲು. ಬೇವಿನ ಬುಡಕ ಅದಾಳ. ಮಗಳ ಮನಿ ಕೂಳ ತಿಂದಾಕಿ ಅಂತ ಒಂದ ಕಲ್ಲ ಇಡಗೊಡಲಿಲ್ಲ. ದಿನಾ ಒಂದ ತಂಬಿಗಿ ನೀರ ಕೊಡ್ತೀನಿ. ಗಿಡಕ್ಕ ಹಾಕ್ತಾಳಂತ ತಿಳದಾರ. ನನ್ನ ಆಕೀ ಬಾಜೂಕ ಇಡ್ರಿ.’

ಅಷ್ಟರಲ್ಲಿ ಹಾಡು ನಿಂತಿತು. ಮುದುಕಿ ಹಿಂದಕ್ಕೆ ಸರಿದು ಸೆರಗು ಸರಿಮಾಡಿಕೊಂಡಳು. ಟೇಪು ಮುಗಿಯಿತು.

ಮರಾಠಿಯಲ್ಲಿ ಆಯಿ ಎಂದರೆ ತಾಯಿ. ಚಿಕ್ಕೋಡಿಯ ಬಸ್ ಸ್ಟ್ಯಾಂಡಿನಲ್ಲಿ ಅಳುವ ಯಾವ ಕೂಸನ್ನು ಕೇಳಿದರೂ ಹೇಳುತ್ತದೆ. ನನಗೂ ಗೊತ್ತಿತ್ತು. ಆದರೆ ನನ್ನ ಕಿವಿ ತೆಲಸಂಗದ್ದು. ಶೈಲಾಳ ಕಿವಿ ಕನ್ನಡ ಶಾಲೆಯದು. ಅರವತ್ತಕ್ಕೂ ಹೆಚ್ಚು ವರ್ಷ ಕನ್ನಡದ ಮನೆಯಲ್ಲಿ ಬಾಳಿದವಳು ತನ್ನ ತಾಯಿಯನ್ನು ಮಾತ್ರ ತನ್ನ ಮಾತಿನಲ್ಲಿ ಕರೆದಾಳು ಎಂದು ನಮ್ಮಿಬ್ಬರಿಗೂ ಹೊಳೆಯಲಿಲ್ಲ. ಹೀಗಾಗಬಹುದು ಅಂತ ಆ ಅಕ್ಷರ ಬಾರದ ಮುದುಕಿಗೆ ಹೊಳೆದಿತ್ತು. ಅದನ್ನು ತಿದ್ದಿಯೂ ಇದ್ದಳು; ಪಡಸಾಲೆಯ ಟೀವಿಯಲ್ಲಿ ಆ ಮಾತಿನ ಬೆನ್ನಿಗೇ ಬೇವಿನ ಗಿಡ ಕಂಡಾಗ, ತನ್ನ ತಿದ್ದುಪಡಿ ಎಲ್ಲರಿಗೂ ಮುಟ್ಟಿತೆಂದೇ ತಿಳಿದಿರಬೇಕು. ನಾನು ಕತ್ತರಿಸಿದ್ದು ಆ ತಿದ್ದುಪಡಿಯನ್ನೇ. ಕತ್ತರಿಸಿ, ಅವಳ ಬಾಯಿಗೆ ಅತ್ತೆಯನ್ನು ತುರುಕಿ, ಅದಕ್ಕೆ ಅವಳ ಕೈಯಿಂದ ಬೆಲ್ಲ ತಿಂದು ಬಂದೆ.

ಹೆಡ್ ಸಾಹೇಬರಿಗೆ ಹೇಳಿದೆ. ಅವರೂ ನಿವೃತ್ತರಾಗಿದ್ದರು. ಹೋಗಲಿ ಬಿಡಪಾ, ಉದ್ದೇಶ ಒಳ್ಳೇದಿತ್ತಲ್ಲ ಅಂದರು. ನನಗೆ ಸಿಟ್ಟು ಬಂತು. ಅವರ ಮೇಲಲ್ಲ.

ಶೈಲಾಳಿಗೆ ಹೇಳಬೇಕೋ ಬೇಡವೋ ಎಂದು ತಿಂಗಳುಗಟ್ಟಲೆ ಒದ್ದಾಡಿದೆ. ಹೇಳಿದರೆ ಅವಳ ಚಿತ್ರ ಹೋಯಿತು, ಹೇಳದಿದ್ದರೆ ಅವಳ ಆಯಿ. ಕಡೆಗೆ ಅವಳು ಊರಿಗೆ ಬಂದಾಗ ನನ್ನ ಮನೆಗೆ ಕರೆದೆ. ಕ್ಯಾಮೆರಾ ಮುಂದಿಟ್ಟು ಹೆಡ್‌ಫೋನ್ ಕೊಟ್ಟೆ. ನನ್ನ ಹೆಂಡತಿ ತಂದಿಟ್ಟ ಚಹಾ ಆರಿ ಕೆನೆಗಟ್ಟಿತು. ಶೈಲಾ ಒಮ್ಮೆ ಕೇಳಿದಳು, ಹಿಂದಕ್ಕೆ ತಿರುಗಿಸಿ ಇನ್ನೊಮ್ಮೆ ಕೇಳಿದಳು. ಅಳುತ್ತಾಳೆ ಅಂತ ಕಾದೆ. ಅಳಲಿಲ್ಲ.

ಅಣ್ಣಾಸಾಬರನ್ನು ಕಂಡು ನಾನೇ ಒಪ್ಪಿಕೊಳ್ಳುತ್ತೇನೆ, ಕುಣಿ ಬದಲಿಸಲಾಗದಿದ್ದರೂ ಬೇವಿನ ಬುಡಕ್ಕೆ ಒಂದು ಕಲ್ಲಾದರೂ ಇಡೋಣ ಎಂದೆ. ಅವಳು ತಲೆಯಲ್ಲಾಡಿಸಿದಳು.

‘ಬೇವಿನ ಗಿಡ ಎಲ್ಲೈತ್ರಿ ಸರ್? ಅದನ್ನ ಕಡದು ದ್ರಾಕ್ಷಿ ಹಚ್ಯಾರ. ಅಪ್ಪಗ ಹೇಳಬ್ಯಾಡ್ರಿ. ಅಂವಗ ಈಗ ಎದಿ ಬ್ಯಾನಿ ಐತಿ. ಅವ್ವನ ಮಾತ ನಡಸೀನಿ ಅನ್ನೂದು ಒಂದ ಉಳದೈತಿ ಅಂವಗ.’

ಅಣ್ಣಾಸಾಬರು ಇರುವ ತನಕ ನಾನು ಬಾಯಿಬಿಡಲಿಲ್ಲ. ಪ್ರತಿ ಅಮಾವಾಸ್ಯೆಗೆ ಅವರು ತಾಯಿಗೂ ಅವಳ ಆ ಅತ್ತೆಗೂ ಕೂಡಿಯೇ ಕಾಯಿ ಒಡೆಸುತ್ತಿದ್ದರಂತೆ. ಈಗ ಅವರ ಸಮಾಧಿಯೂ ಅಲ್ಲೇ ಆಗಿದೆ. ಅದಕ್ಕೇ, ಶೈಲಾಳನ್ನು ಕೇಳಿ, ಹೆಸರು ಬದಲಿಸಿ ಬರೆದಿದ್ದೇನೆ. ಅವಳು ಈಗ ಚಿತ್ರ ಮಾಡುವುದನ್ನು ಬಿಟ್ಟಿದ್ದಾಳೆ. ಬೇರೆ ಕಾರಣ ಹೇಳುತ್ತಾಳೆ. ನಾನು ನಂಬಿದ ಹಾಗೆ ಮಾಡುತ್ತೇನೆ.

ಅವತ್ತು ಅವಳು ಎದ್ದು ಬಾಗಿಲ ತನಕ ಹೋಗಿ, ಚಪ್ಪಲಿ ಮೆಟ್ಟಿಕೊಂಡು ತಿರುಗಿ ನಿಂತಳು. ಬೈಯುತ್ತಾಳೆ ಅಂದುಕೊಂಡೆ, ಬೈದಿದ್ದರೆ ಚೆನ್ನಾಗಿತ್ತು.

‘ಬರೇ ಗದ್ಲ ಐತಿ ಅಂತ ನಾನ ಹೇಳಿದ್ನಲ್ರಿ ಸರ್’ ಅಂದಳು. ಆಮೇಲೆ, ‘ಎಲ್ಲಾ ಕೇಳಸ್ತೈತಲ್ರಿ’ ಅಂದಳು.

ಹೌದವ್ವಾ, ಎಲ್ಲಾ ಕೇಳಸ್ತೈತಿ ಅಂದೆ.